ಮಗಳ ನಂಬರಿಗೆ ಹೋದ ಓಟಿಪಿ

ಇದನ್ನ ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಪಿಯುಸಿ ಪರೀಕ್ಷಿ ಮುಗಿದ ಮ್ಯಾಲ ದೇವದುರ್ಗದಾಗ ನಮ್ಮ ಮಾವನ ಆನ್‌ಲೈನ್ ಸೆಂಟರ್‌ನಾಗ ಕೂಡ್ತಿದ್ದೆ. ಗಿರಾಕಿ ಇಲ್ದಾಗ ಪುಸ್ತಕ ಓದಾಕ ಸಿಗ್ತಿತ್ತು, ಅದಕ್ಕ.

ಒಂದಿನ ಮಾನ್ವಿ ಕಡಿಯಿಂದ ಒಬ್ಬಾಕಿ ಯವ್ವ ಬಂದ್ಲು. "ನನ್ನ ಮಗಳು ಡೆಂಗಿ ಬಂದು ತೀರಿಕೊಂಡ್ಲು. ಆಕಿ ಫೋನೂ ಕೆಟ್ಟು ಹೋಗ್ಯದ. ಫೋಟೋ ಎಲ್ಲಾ ಆಕಿ ಅಕೌಂಟಿನ್ಯಾಗ ಅದಾವಂತ, ತಗದು ಕೊಡು ನಮ್ಮವ್ವಾ" ಅಂದ್ಲು.

ಪಾಸ್‌ವರ್ಡ್ ಗೊತ್ತಿದ್ದಿಲ್ಲ. ಹೊಸಾದು ಮಾಡಾಕ ಹೋದ್ರ ಓಟಿಪಿ ಮಗಳ ನಂಬರಿಗೇ ಹೋಯ್ತು. ಸತ್ತಾಕಿ ನಂಬರಿಗೆ ರಿಚಾರ್ಜ್ ಯಾಕ ಅಂತ ಮನ್ಯಾಗ ಬಿಟ್ಟಿದ್ರು. ಕಂಪನಿಯವ್ರು ಅದನ್ನ ಬ್ಯಾರೆಯವ್ರಿಗೆ ಕೊಟ್ಟುಬಿಟ್ಟಿದ್ರು.

ಫೋನ್‌ನಾಗ ಮಾತಾಡಂದ್ರ ನನಗ ನಾಲಿಗಿ ಒಣಗ್ತದ. ಆದ್ರೂ ಸ್ಪೀಕರ್ ಹಾಕಿ ಆ ನಂಬರಿಗೆ ಹಚ್ಚಿದೆ. ಗಿಲ್ಲೆಸುಗೂರಿನ ಯಾರೋ ಒಬ್ಬಾಂವ ಎತ್ತಿದ. ತೊದಲಿಕೋತ ಎಲ್ಲಾ ಹೇಳಿದೆ.

"ಅಕ್ಕಾ, ಹಿಂಗೇ ಒಬ್ಬಾಕಿ ಅತ್ತು ಕೇಳಿದ್ಲಂತ ನಮ್ಮಪ್ಪ ಓಟಿಪಿ ಹೇಳಿ, ಬ್ಯಾಂಕಿನ್ಯಾಗಿದ್ದದ್ದೆಲ್ಲಾ ಕಳಕೊಂಡಾನ. ನೀವು ಖರೇನೇ ಇರಬಹುದು. ನಾ ಹ್ಯಾಂಗ ನಂಬ್ಲಿ?"

ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ನಾನೇ ದಿನಾ ಗಿರಾಕಿಗೆ ಹೇಳ್ತಿದ್ದೆ.

ಯವ್ವ ಫೋನಿನ ಹತ್ರ ಬಗ್ಗಿದ್ಲು. "ಇರ್ಲಿ ಬಿಡಪ್ಪಾ. ನನ್ನ ಮಗಳ ನಂಬರ್ ಅದು, ಜ್ವಾಕಿಲೆ ಇಟ್ಕೋ. ರಿಚಾರ್ಜ್ ಮಾತ್ರ ತಪ್ಪಸಬ್ಯಾಡ."

"ಹೂನ್ರೀ ಯವ್ವಾ" ಅಂದ ಅವ. ಆದ್ರ ಓಟಿಪಿ ಹೇಳ್ಲಿಲ್ಲ.

ಫೋಟೋ ಇನ್ನೂ ಅಲ್ಲೇ ಅದಾವ. ಭಾಳ ಸೇಫ್ ಅದಾವ, ಹಡೆದವ್ವಗೂ ಸಿಗದಷ್ಟು.