ಲಿಫ್ಟಿನಲ್ಲಿ ಮಾತಾಡಿದ ಹ್ಯಾಮೆಯವನು

ಇಲ್ಮೊ ರೌತಕೋಸ್ಕಿಯವರನ್ನು ಮಾತಿಗೆ ಕೂರಿಸಲು ನನ್ನ ಎರಡು ಪತ್ರಗಳು ಸಾಲಲಿಲ್ಲ. ಮೂರನೆಯದಕ್ಕೆ ಅವರ ಪತ್ನಿಯೇ ಫೋನ್ ಮಾಡಿ, "ಅವ್ರು ಬೇಡ ಅಂದಿಲ್ಲ. ಅಂದ್ರೆ ಒಪ್ಪಿದಾರೆ ಅಂತಲೇ ತಿಳ್ಕೊಳ್ಳಿ. ಶನಿವಾರ ಬನ್ನಿ, ಉಗಿಸ್ನಾನಕ್ಕೆ ಸೌನಾ ಕಾಯ್ಸಿರ್ತೀವಿ," ಎಂದರು. ಮೊದಲ ಸಂಭಾಷಣೆ ಹೀಗೆ ನಿಗದಿಯಾಯಿತು.

ಫಿನ್ಲೆಂಡಿನಲ್ಲಿ ಹ್ಯಾಮೆ ಪ್ರಾಂತ್ಯದವರು ಮಾತನ್ನು ಉಪ್ಪಿನಂತೆ ಬಳಸುವವರು. ಸಾವೊ ಪ್ರಾಂತ್ಯದವರು ಗಂಜಿಯಂತೆ ಸುರಿಯುವವರು. ಹ್ಯಾಮೆಯಲ್ಲಿ ಹುಟ್ಟಿದ ಇಲ್ಮೊ ಸಾವೊದ ಆಸ್ಪತ್ರೆಯೊಂದರಲ್ಲಿ ಮೆದುಳಿನ ಎಂಆರ್‌ಐ ಚಿತ್ರಗಳನ್ನು ಓದುವ ವೈದ್ಯರಾಗಿದ್ದರು. ಕಾಫಿಯ ವೇಳೆಗೆ ಸಹೋದ್ಯೋಗಿಗಳು ಅವರೆದುರು ಕೂತು, ಇಬ್ಬರ ಪಾಲನ್ನೂ ತಾವೇ ಮಾತಾಡಿ ಎದ್ದುಹೋಗುತ್ತಿದ್ದರು.

ಒಂದು ಮಾರ್ಚಿನಲ್ಲಿ, ಮಗಳ ಮನೆಗೆ ಬಂದು ಜ್ವರ ಹಿಡಿದ ಯಾಲ್ಮರಿ ಪಾಲೊಮಾ ಎಂಬವರ ಚಿತ್ರ ಬಂತು. ಯಂತ್ರದೊಳಗೂ ಅವರು ಬಾಯಿ ಮುಚ್ಚದ ಕಾರಣ ಚಿತ್ರವೆಲ್ಲ ಮಸುಕು. ಎಡಗಿವಿಯ ನೇರಕ್ಕೆ, ಮೆದುಳಿನ ಒಳಬದಿಯಲ್ಲಿ, ತೆಳುವಾದ ಬಿಳುಪು.

"ಅಲುಗಾಟದ ಕಲೆ ಅಷ್ಟೇ ಇಲ್ಮೊ," ಎಂದರು ಸಾವೊದವರೇ ಆದ ನರರೋಗ ವೈದ್ಯೆ ತುಯ್ಯಾ. "ಮನುಷ್ಯ ಗಟ್ಟಿಮುಟ್ಟಾಗಿದಾನೆ. ಲಿಫ್ಟಲ್ಲಿ ನಂಗೇ ಮೀನು ಹಿಡಿಯೋ ಪಾಠ ಹೇಳ್ದ! ಫ್ಲೂ ಅಂತ ಮನೆಗೆ ಕಳಿಸ್ತೀನಿ."

ಇಲ್ಮೊ ಪರದೆಯಿಂದ ಕಣ್ಣು ಕೀಳಲಿಲ್ಲ. ಅಲುಗಾಟವಾದರೆ ಎರಡೂ ಬದಿ ಬೆಳ್ಳಗಾಗಬೇಕಿತ್ತು. ತುಟಿಯಂಚಿಗೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಮೆದುಳಿಗೇರಿದರೆ ಮೊದಲು ಕೂರುವ ಜಾಗವೂ ಅದೇ. ಮದ್ದು ತಡವಾದರೆ ಜೀವಕ್ಕೇ ಎರವು. ಆದರೆ ಇಂಥ ಮಸುಕನ್ನು ನಂಬುವುದು ಹೇಗೆ?

"ಯಾವ ಕಡೆಯೋನು?"

"ಹ್ಯಾಮೆ. ನಿಮ್ಮೋನೇ."

ಇಲ್ಮೊ ಕುರ್ಚಿಯಿಂದ ಎದ್ದೇಬಿಟ್ಟರು. "ಲಿಫ್ಟಲ್ಲಿ? ಗುರ್ತಿಲ್ಲದವ್ರ ಹತ್ರ?"

ಹೊರಗೆ ಕಾದಿದ್ದ ಯಾಲ್ಮರಿಯವರ ಪತ್ನಿ ಹೆಲ್ವಿಯನ್ನು ಹೋಗಿ ವಿಚಾರಿಸಿದರೆ, ಆಕೆಗೆ ಅಳು ಉಕ್ಕಿತು. "ಬೆಳಗ್ಗಿಂದ ಅದನ್ನೇ ಬಡ್ಕೋತಿದೀನಿ ಡಾಕ್ಟ್ರೇ! ನಿನ್ನೆ ನನ್ನಡುಗೆ ಹೊಗಳಿದ್ರು. ಮದ್ವೆಯಾದಾಗಿಂದ ಇದೇ ಮೊದ್ಲು! ಇಲ್ಲಿಯವ್ರು ನೋಡಿದ್ರೆ, ಎಷ್ಟು ಸೊಗಸಾಗಿ ಮಾತಾಡ್ತಾರೆ ಅಂತಾರೆ!"

"ತುಯ್ಯಾ, ಇದು ಹರ್ಪಿಸ್ಸೇ. ಈಗ್ಲೇ ಮದ್ದು ಏರಿಸು. ಬೆನ್ನುಹುರಿ ನೀರಿನ ಫಲಿತಾಂಶಕ್ಕೆ ಕಾಯ್ಬೇಡ."

"ಒಂದೇ ಉಸಿರಿಗೆ ಇಷ್ಟು ಮಾತಾ? ನಿನ್ನನ್ನೂ ಸ್ಕ್ಯಾನಿಗೆ ಮಲಗಿಸ್ಬೇಕೇನೋ!" ಎನ್ನುತ್ತಲೇ ತುಯ್ಯಾ ವಾರ್ಡಿಗೆ ಓಡಿದರು.

ನೀರಿನಲ್ಲಿ ಹರ್ಪಿಸ್ ಸಿಕ್ಕಿತು. ಮದ್ದು ಮೈಗಿಳಿದಂತೆ ಯಾಲ್ಮರಿಯವರ ಮಾತೂ ಇಳಿಯಿತು. ಹೆಲ್ವಿಯವರ ಒಪ್ಪಿಗೆಯಿಂದ ನೋಡಲು ದೊರೆತ ಕಡತದಲ್ಲಿ ತುಯ್ಯಾ ಬರೆದಿದ್ದಾರೆ: "27 ಮಾರ್ಚ್ 2009. ಜ್ವರವಿಲ್ಲ. ಕೇಳಿದ್ದಕ್ಕೆಲ್ಲ ಸರಿಯುತ್ತರ. ತಾನಾಗಿ ಒಂದು ಮಾತೂ ಆಡಲಿಲ್ಲ. ಚೇತರಿಕೆ ತೃಪ್ತಿಕರ."