ಕಲ್ಲುಮೀನಿಗೆ ನೀರು

ನಮ್ಮ ಬಳ್ಳಾರಿ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಊರ ನಡುವೆ ಕೋಟೆ ಹೊತ್ತ ಗುಡ್ಡ, ಎತ್ತ ಹೊರಟರೂ ಬಂಡೆ, ಬಂಡೆಯ ಮೇಲೆ ಬಂಡೆ. ಹಗಲೆಲ್ಲ ಕಾದು ರಾತ್ರಿ ನಮ್ಮನ್ನು ಬೇಯಿಸುವುದಕ್ಕಷ್ಟೇ ಅವು ಹುಟ್ಟಿವೆ ಎಂಬುದು ನನ್ನ ಅಭಿಪ್ರಾಯ. ಎಷ್ಟು ಒಡೆದರೂ ಅವುಗಳ ಹೊಟ್ಟೆಯಲ್ಲಿ ಏನೂ ಸಿಗುವುದಿಲ್ಲ. ಇಂಥ ಊರಿನಲ್ಲಿ ಸಾಲೆಯ ಡ್ರಾಯಿಂಗ್ ಮಾಸ್ತರನಾಗಿದ್ದ ನನಗೆ, ಕಲ್ಲಾಗಿ ಹೋದ ಮೀನುಗಳನ್ನು ಕೂಡಿಹಾಕುವ ಹುಚ್ಚು ಹಿಡಿಯಿತು.

ಹಿಡಿಸಿದವರು ಸಿರುಗುಪ್ಪದ ನನ್ನ ಸೋದರಮಾವ, ಅಮ್ಮನ ಅಣ್ಣ. ನಿಜಾಮರ ಸೀಮೆಯಲ್ಲಿ, ಗೋದಾವರಿಯ ದಂಡೆಯಲ್ಲಿ, ನೆಲದೊಳಗಿನ ಕಲ್ಲಿದ್ದಲು ಹುಡುಕುವ ಒಂದು ಕ್ಯಾಂಪಿನಲ್ಲಿ ಅವರು ಗುಮಾಸ್ತರಾಗಿದ್ದರು. ಅಲ್ಲಿ ಇದ್ದಲಿಗಿಂತ ಹೆಚ್ಚಾಗಿ ಸಿಕ್ಕದ್ದು ತೆಳ್ಳನೆಯ ಸುಣ್ಣಗಲ್ಲಿನ ಹಲ್ಲೆಗಳು, ಎಂದರೆ ಚಪ್ಪಟೆ ಬಿಲ್ಲೆಗಳು, ಅವುಗಳ ಪದರಗಳ ನಡುವೆ ಕಲ್ಲಾದ ಮೀನುಗಳು. ಚೆನ್ನಾಗಿದ್ದವನ್ನು ಸಾಹೇಬರು ಹುಲ್ಲಿನಲ್ಲಿ ಸುತ್ತಿ ತಮ್ಮ ದೇಶಕ್ಕೆ ಕಳಿಸುತ್ತಿದ್ದರಂತೆ. ಅವರು ಬೇಡವೆಂದು ಎಸೆದ ಹಲ್ಲೆಗಳನ್ನು ಮಾವ ಹಳೆಯ ಧೋತರದಲ್ಲಿ ಕಟ್ಟಿಕೊಂಡು ರಜೆಯಲ್ಲಿ ಊರಿಗೆ ತರುತ್ತಿದ್ದರು. ಮಾವನಿಗೆ ಎಳೆ ಹರೆಯದಲ್ಲೇ ತಲೆ ಬೋಳಾಗಿತ್ತು. ಆ ಬೋಳುತಲೆಯ ಎರಡು ಕಡೆಗೂ ಕಿವಿಗಳು ಚಾಚಿಕೊಂಡಿದ್ದವು. ಅವರು ಕಲ್ಲು ಒಡೆಯುವಾಗ ಆ ಕಿವಿಗಳೂ ಸ್ವಲ್ಪ ಅಲುಗಾಡುತ್ತಿದ್ದವು, ನಾನು ಕಲ್ಲು ಬಿಟ್ಟು ಅದನ್ನೇ ನೋಡುತ್ತಿದ್ದೆ.

ಆ ಸಲ ಅವರು ಬಂದಾಗ ನಾನೂ ಅಮ್ಮನೂ ಸಿರುಗುಪ್ಪಕ್ಕೆ ಹೋಗಿದ್ದೆವು. ಅಪ್ಪ ತೀರಿಕೊಂಡು ಬಹಳ ಕಾಲವಾಗಿರಲಿಲ್ಲ. ಅಮ್ಮ ತಲೆ ಬೋಳಿಸಿಕೊಂಡು ಕೆಂಪು ಸೀರೆಯ ಸೆರಗು ಹಣೆಯವರೆಗೆ ಎಳೆದುಕೊಂಡು, ತವರಿನಲ್ಲಿ ಕೂಡ ಬಾಗಿಲ ಮರೆಯಲ್ಲೇ ಕೂತಿರುತ್ತಿದ್ದಳು. ಮಾವ ಹಿತ್ತಲಲ್ಲಿ ಒಂದು ಹಲ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಚಿಗೆ ಸಣ್ಣ ಉಳಿ ಹಚ್ಚಿ, ಮೆಲ್ಲಗೆ ತಟ್ಟುತ್ತ ಸುತ್ತಲೂ ಬಂದರು. ಹಲ್ಲೆ ಬಿಚ್ಚಿಕೊಂಡಿತು. ಮೇಲಿನ ಪದರ ಪುಡಿಯಾಗಿ ಉದುರಿತು. ಕೆಳಗಿನದರಲ್ಲಿ ಗೇಣುದ್ದದ ಒಂದು ಮೀನು, ಮೈಮೇಲಿನ ಹುರುಪೆಗಳೆಲ್ಲ ಹೆಂಚು ಹೊದಿಸಿದ ಹಾಗೆ ಒತ್ತಾಗಿ, ಅರಗಿನಂತೆ ಕಪ್ಪಗೆ ಹೊಳೆಯುತ್ತಿದ್ದವು. ಬಾಲ ಒಂದಿಷ್ಟು ಡೊಂಕಾಗಿತ್ತು.

ಮಾವ ಅದನ್ನು ಬಾಗಿಲ ಹತ್ತಿರ ಒಯ್ದು ಅಮ್ಮನ ಮಡಿಲಲ್ಲಿ ಇಟ್ಟರು. "ಇದನ್ನ ಈ ತನಕ ಯಾವ ಮನಶ್ಯಾನೂ ನೋಡಿಲ್ಲ, ತಂಗಿ. ಮೊದಲು ನೋಡಿದಾಕಿ ನೀನ. ಇದು ನಿಂದು," ಅಂದರು.

ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಎಷ್ಟೋ ತಿಂಗಳ ಮೇಲೆ ಅಮ್ಮ ನಕ್ಕದ್ದನ್ನು ಅಂದೇ ಕಂಡೆ.

ಮಾವ ಕ್ಯಾಂಪಿಗೆ ಮರಳಿದರು. ಆ ಮಳೆಗಾಲದಲ್ಲಿ ಅಲ್ಲಿ ಜ್ವರ ಬಿತ್ತು. ಮಾವ ಹೋದರೆಂದು ಜೊತೆಯಲ್ಲಿದ್ದ ಒಬ್ಬರು ಬಂದು ಸುದ್ದಿ ಹೇಳಿಹೋದರು.

ಬಳ್ಳಾರಿಯ ಮನೆಯಲ್ಲಿ ನನ್ನ ಉಳಿದ ಮೀನುಗಳು, ಅಂದರೆ ಒಂದು ದವಡೆ, ಒಂದು ಅರ್ಧ ಬಾಲ, ಚದುರಿದ ಹುರುಪೆಗಳ ಕೆಲವು ಹಲ್ಲೆ, ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಹಾಯಾಗಿದ್ದವು. ಅಮ್ಮನ ಇಡೀ ಮೀನು ಮಾತ್ರ ದೇವರ ಮನೆ ಸೇರಿತು. ಅದಕ್ಕೆ ಕಾರಣ ನಾನೇ ಕೊಟ್ಟ ಪಾಠ. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮೀನು ಇದು, ಆಗ ಆ ನೆಲವೆಲ್ಲ ನೀರಿನಡಿಯಲ್ಲಿತ್ತು ಎಂದು ಬಹಳ ಗತ್ತಿನಿಂದ ಹೇಳಿದ್ದೆ.

"ಮನಶ್ಯಾ ಹುಟ್ಟೋಕಿಂತ ಮೊದಲು, ಎಲ್ಲಾ ನೀರಾಗಿದ್ದಾಗ ಇದ್ದ ಮೀನು," ಅಂತ ಅಮ್ಮ ಮೆಲ್ಲಗೆ ಎಣಿಸಿ ಹೇಳಿದಳು. "ಮತ್ಸ್ಯಾವತಾರ ಅಲ್ಲದ ಮತ್ತೇನದು?"

ಮೀನು ಸಾಲಿಗ್ರಾಮಗಳ ಪಕ್ಕದಲ್ಲಿ ಕೂತಿತು. ದೇವರ ಪೂಜೆ ಗಂಡಸರು ಮಾಡಬೇಕು, ಮನೆಯಲ್ಲಿದ್ದ ಗಂಡಸು ನಾನೊಬ್ಬನೇ. ಹೀಗಾಗಿ ಬೆಳಗ್ಗೆ ಮಡಿಯುಟ್ಟು ಹಾಲು, ಮೊಸರು, ಜೇನುತುಪ್ಪ, ಆಮೇಲೆ ತಂಬಿಗೆಗಟ್ಟಲೆ ನೀರು ಸುರಿದು ಅದನ್ನು ಉಜ್ಜುವವನೂ ನಾನೇ, ಅದರ ರೆಕ್ಕೆ ಸವೆಯುತ್ತಿರುವುದನ್ನು ಕಂಡು ಹಲ್ಲು ಕಡಿಯುವವನೂ ನಾನೇ. ಸುಣ್ಣಗಲ್ಲಿಗೆ ಮೊಸರಿನ ಹುಳಿ ಬಿದ್ದರೆ ಕಲ್ಲು ಒಂದೊಂದೇ ಪದರ ಕರಗುತ್ತದೆ. ಅಮ್ಮನ ಕಣ್ಣು ತಪ್ಪಿಸಿ ಮೊಸರು ಕಡಿಮೆ ಹಾಕುತ್ತಿದ್ದೆ. ಆದರೆ ಅವಳ ಕಣ್ಣು ತಪ್ಪಿಸುವುದು ಸುಲಭದ ಮಾತಲ್ಲ. ಆ ತೀರ್ಥ ತಗೊಳ್ಳದೆ ಅವಳು ಊಟಕ್ಕೆ ಕೂರುತ್ತಿರಲಿಲ್ಲ.

ಒಂದು ದಿನ ನಾನು ಉದ್ಧರಣೆಯಿಂದ ತೀರ್ಥ ಹಾಕಿದಾಗ ಅಮ್ಮನ ಅಂಗೈಯಲ್ಲಿ ಏನೋ ಹೊಳೆಯಿತು. ಎಳ್ಳಿಗಿಂತ ತುಸು ದೊಡ್ಡದು, ಚೌಕನೆಯ ಕಪ್ಪು ಚೂರು.

"ಕುಡೀಬ್ಯಾಡ ಅಮ್ಮಾ," ಅಂದೆ. "ಅದು ಮೀನಿನ ಹುರುಪಿ. ಕಲ್ಲು ಕರಗಲಿಕ್ಕ ಹತ್ತೇದ. ಹಿಂಗ ನೀರು ಹಾಕ್ತಾ ಹೋದರ ನಿನ್ನ ಮೀನು ಪೂರಾ ಹೋಗ್ತದ."

ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಹೆಂಗಸು ಅವಳು. ಆ ಹುರುಪೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಹುಷಾರಾಗಿ ತಟ್ಟೆಯ ಅಂಚಿಗೆ ಇಟ್ಟು, "ನೀರು ಬ್ಯಾಡ ಅಂತೀಯೇನು?" ಅಂತ ಕೇಳಿದಳು.

"ಬ್ಯಾಡ. ಹತ್ತಿಯೊಳಗಿಟ್ಟು ಪೆಟ್ಟಿಗಿ ಮುಚ್ಚಿಡ್ತೀನಿ. ಮಾವ ಕೊಟ್ಟದ್ದು ಉಳೀಬೇಕಲ್ಲ?"

"ನಮ್ಮಣ್ಣ ಜ್ವರದಾಗ ನೀರು ನೀರು ಅಂದನಂತ," ಅಂದಳು ಅಮ್ಮ. ಸುದ್ದಿ ತಂದವರು ಅವಳಿಗೆ ಇದನ್ನೂ ಹೇಳಿದ್ದರು. ನನಗೆ ಗೊತ್ತಿರಲಿಲ್ಲ. "ಜ್ವರಕ್ಕ ನೀರು ಆಗೂದಿಲ್ಲ ಅಂತ ಅಲ್ಲಿದ್ದವರು ಒಂದು ಗುಟುಕೂ ಕೊಡಲಿಲ್ಲಂತ. ಅವರೂ ಅವನು ಉಳೀಲಿ ಅಂತನ ಕೊಡಲಿಲ್ಲ. ಈಗ ನೀನೂ ಹಂಗ ಅಂತೀ."

ಅಮ್ಮ ಇಷ್ಟು ದಿನ ನನ್ನ ಕೈಯಿಂದ ಯಾರಿಗೆ ನೀರು ಹಾಕಿಸುತ್ತಿದ್ದಳು ಎಂಬುದು ಈಗ ತಿಳಿಯಿತು. ಸಂಕಟವೂ ಆಯಿತು, ಸಿಟ್ಟೂ ಬಂತು, ಯಾರ ಮೇಲೆ ಅಂತ ಹೇಳಲಾರೆ. ಮರುದಿನ ಎಂದಿನಂತೆ ನೀರು ಹಾಕಿದೆ. ಇನ್ನೊಂದು ಹುರುಪೆ ಎದ್ದು ಹೋಯಿತು.

ಆ ಮೀನು ಸವೆದು ಮುಗಿಯುವುದರೊಳಗೆ ಅಂಥದೇ ಇನ್ನೊಂದನ್ನು ದೊರಕಿಸಬೇಕೆಂದು ಹಟ ಹಿಡಿದೆ. ಸಿರುಗುಪ್ಪದ ಹತ್ತಿರ ಹೊಳೆ ದಾಟಿ ಬರುವ ಬಂಡಿಯವರಿಗೆ, ಹರಿಗೋಲಿನವರಿಗೆ ಹೇಳಿಟ್ಟೆ. ಅವರು ತಂದದ್ದು ನೋಡಬೇಕು. ಪಾಚಿಯಂಥ ಗೆರೆ ಬಿದ್ದ ಕಲ್ಲು, ಹಕ್ಕಿಯ ಹೆಜ್ಜೆ ಮೂಡಿದ ಒಣ ಮಣ್ಣು. ಒಬ್ಬ ಪುಣ್ಯಾತ್ಮ ಒಣಮೀನನ್ನೇ ಎಲೆಯಲ್ಲಿ ಸುತ್ತಿ ತಂದು, "ಕಲ್ಲಿನಂಗ ಗಟ್ಟಿ ಐತಿ, ನೋಡ್ರಿ," ಅಂತ ನಮ್ಮ ಹೊಸ್ತಿಲ ಮೇಲೆ ಇಟ್ಟ. ಆ ದಿನ ಬಾವಿಯ ಅರ್ಧ ನೀರು ಹೊಸ್ತಿಲು ತೊಳೆಯುವುದಕ್ಕೇ ಹೋಯಿತು, ನನ್ನ ಹೆಂಡತಿ ನನ್ನನ್ನೂ ಸೇರಿಸಿ ತೊಳೆದಳು.

ಆಮೇಲೆ ಕುರುಗೋಡಿನಿಂದ ಸುದ್ದಿ ಬಂತು. ಅಲ್ಲಿನ ಒಬ್ಬ ರೈತನ ಹೊಲದಲ್ಲಿ ಮೀನಿನ ಕಲ್ಲು ಸಿಕ್ಕಿದೆಯಂತೆ. ಕುರುಗೋಡಿನ ಬಂಡೆಯಲ್ಲಿ ಅಂಥದ್ದು ಇರಲಾರದು ಎಂದು ನನ್ನ ಬುದ್ಧಿ ಹೇಳಿತು, ಕಾಲು ಕೇಳಲಿಲ್ಲ. ಅಲ್ಲಿನ ದೇವರ ದರ್ಶನವಾದರೂ ಆಗಲಿ ಎಂದು ಅಮ್ಮನೂ ಬಂಡಿ ಹತ್ತಿದಳು. ಹೋಗಿ ನೋಡಿದರೆ ಅದು ಹಳೆಯ ಬಾವಿಯ ಮೆಟ್ಟಿಲು, ಅದರ ಮೇಲೆ ಶಿಲ್ಪಿ ಕೆತ್ತಿದ ದುಂಡನೆಯ ಮೀನು. ಇದಲ್ಲ ಅಂದೆ.

"ಮೀನು ಹೌದೋ ಅಲ್ಲೋ?" ಅಂತ ರೈತ ಕೇಳಿದ.

"ಹೌದು."

"ಹಳೇದು ಹೌದೋ ಅಲ್ಲೋ?"

"ಹೌದು."

"ಮತ್ತ ಇನ್ನೇನು ಬೇಕ್ರಿ ನಿಮಗ?" ಅಂದ.

ಬಿಸಿಲು ಇಳಿಯಲೆಂದು ಹತ್ತಿರದ ಸಣ್ಣ ಗುಡಿಯಲ್ಲಿ ಕೂತೆವು. ಅಲ್ಲಿನ ದೇವರು ಗಾರೆಯಲ್ಲಿ ಮಾಡಿ ಬಣ್ಣ ಹಚ್ಚಿದ್ದು. ನೀರು ಬಿದ್ದರೆ ಬಣ್ಣ ಹೋಗುತ್ತದೆ. ಅರ್ಚಕರು ಮೂರ್ತಿಯ ಮುಂದೆ ತಟ್ಟೆಯಲ್ಲಿ ಒಂದು ಕನ್ನಡಿ ಓರೆಯಾಗಿ ನಿಲ್ಲಿಸಿ, ಅದರಲ್ಲಿ ಕಾಣುವ ದೇವರಿಗೆ ನೀರೆರೆದರು. ಎಲ್ಲ ಊರಲ್ಲೂ ಇರುವ ಪದ್ಧತಿಯೇ, ನಾನು ಎಷ್ಟೋ ಸಲ ನೋಡಿದ್ದೆ. ಅಮ್ಮನೂ ನೋಡಿದ್ದಳು. ಆದರೆ ಆ ದಿನ ಅವಳು ಮುಖ ಒಂದು ಕಡೆಗೆ ತಿರುಗಿಸಿಕೊಂಡೇ ನೀರಿನ ಸಪ್ಪಳ ಕೇಳುತ್ತ ನಿಂತಳು.

ಬಂಡಿಯಲ್ಲಿ ಬಹಳ ದೂರ ಬಂದ ಮೇಲೆ, "ನಮ್ಮ ಮೀನಿಗೂ ಹಂಗ ಮಾಡಿದರ ನಡೀತದೇನು?" ಅಂದಳು.

ನನ್ನ ತಲೆಗೆ ಇದು ಯಾಕೆ ಹೊಳೆಯಲಿಲ್ಲ ಎಂದರೆ, ನಮ್ಮ ಮನೆಯಲ್ಲಿ ಕನ್ನಡಿಯ ಮಾತು ಎತ್ತುತ್ತಲೇ ಇರಲಿಲ್ಲ. ಗಂಡ ಸತ್ತು ತಲೆ ಬೋಳಿಸಿಕೊಂಡವರು ಕನ್ನಡಿ ನೋಡಬಾರದು. ನನ್ನ ಹೆಂಡತಿ ಕೂಡ ಅತ್ತೆಯ ಕಣ್ಣಿಗೆ ಬೀಳದ ಹಾಗೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಮನೆಗೆ ಬಂದು ವಿಷಯ ತಿಳಿಸಿದಾಗ ಅವಳು, "ಅತ್ತಿಯವರ ಎದುರಿಗೆ ಕನ್ನಡಿ ಹೆಂಗ ಇಡೂದು?" ಅಂತ ನನ್ನನ್ನೇ ಕೇಳಿದಳು.

ಅಮ್ಮನಿಗೆ ಅದು ಕೇಳಿಸಿತು. "ದೇವರಿಗೆ ಇಡ್ತೀರಿ, ನನಗಲ್ಲ. ನಾ ಮಗ್ಗಲಿಗೆ ನಿಂತಿರ್ತೀನಿ," ಅಂದಳು.

ಪೇಟೆಯ ಸಾಬರ ಅಂಗಡಿಯಿಂದ ಹೊಸ ಕನ್ನಡಿ ತಂದೆ. ಮೀನನ್ನು ಒಣ ಬಟ್ಟೆಯಿಂದ ಒರೆಸಿ ಒಂದು ಮಣೆಯ ಮೇಲೆ ನಿಲ್ಲಿಸಿದೆ, ಮುಂದೆ ತಟ್ಟೆ, ತಟ್ಟೆಯಲ್ಲಿ ಕನ್ನಡಿ. ಹಾಲೂ ಮೊಸರೂ ನೀರೂ ಕನ್ನಡಿಯ ಮೇಲೆ ಹರಿದವು. ಕಲ್ಲಿಗೆ ಒಂದು ಹನಿಯೂ ತಾಗಲಿಲ್ಲ. ನನಗೆ ಎಷ್ಟು ಹಗುರವಾಯಿತೆಂದರೆ ಆ ದಿನ ಮಂತ್ರವನ್ನೂ ಸರಿಯಾಗಿ ಹೇಳಿದೆ. ಅಮ್ಮ ಗೋಡೆಯ ಕಡೆ ನಿಂತು ಕೈಚಾಚಿ ತೀರ್ಥ ತಗೊಂಡಳು. ಹೀಗೆಯೇ ಕೆಲವು ದಿನ ನಡೆಯಿತು. ಆದರೆ ಅವಳ ಊಟ ಕಡಿಮೆಯಾಯಿತು. ನೀರು ಮುಟ್ಟುತ್ತದೋ ಇಲ್ಲವೋ ಎಂಬ ಅನುಮಾನ ಅವಳನ್ನು ತಿನ್ನುತ್ತಿತ್ತು.

ಒಂದು ಬೆಳಗ್ಗೆ ನಾನು ತಂಬಿಗೆ ಎತ್ತುವಾಗ ಅವಳು ಗೋಡೆ ಬಿಟ್ಟು ಹತ್ತಿರ ಬಂದಳು. "ನೀರು ಮೀನಿನ ಮ್ಯಾಲ ಬೀಳ್ತದೋ ಇಲ್ಲೋ, ನಾ ನೋಡಬೇಕು," ಅಂದವಳೇ ಕನ್ನಡಿಯ ಮೇಲೆ ಬಗ್ಗಿದಳು. ಬಗ್ಗಿದಾಗ ಸೆರಗು ಹಿಂದೆ ಜಾರಿತು. ಬಾಗಿಲಲ್ಲಿದ್ದ ನನ್ನ ಹೆಂಡತಿ ಮುಂದೆ ಬರಲು ಹೋಗಿ ನಿಂತುಬಿಟ್ಟಳು.

ಕನ್ನಡಿಯಲ್ಲಿ ಮೀನು ಕಾಣುತ್ತಿತ್ತು, ಅದರ ಪಕ್ಕದಲ್ಲಿ ಅಮ್ಮನ ಮುಖವೂ ಕಾಣುತ್ತಿತ್ತು. ಅವಳು ಕೈಯಿಂದ ಒಮ್ಮೆ ತನ್ನ ತಲೆ ಸವರಿಕೊಂಡಳು, ಆಮೇಲೆ ಕಿವಿ ಮುಟ್ಟಿಕೊಂಡಳು. ಅಷ್ಟು ವರ್ಷ ದಿನವೂ ನೋಡಿದ ಮುಖ ಅದು. ನನಗೆ ಅಂದೇ ಕಂಡಿತು, ಅಗಲ ಹಣೆ, ಚಾಚಿದ ಕಿವಿ, ಬೋಳುತಲೆ.

"ಥೇಟ್ ನಮ್ಮಣ್ಣ," ಅಂದಳು ಅಮ್ಮ.

ನಾನು ಎತ್ತಿದ ತಂಬಿಗೆ ಹಿಡಿದುಕೊಂಡೇ ಕೂತಿದ್ದೆ.

"ಹಾಕೋ," ಅಂದಳು. ಹಾಕಿದೆ. ನೀರು ಕನ್ನಡಿಯಲ್ಲಿನ ಆ ಮುಖದ ಮೇಲೆ, ತುಟಿಯ ಮೇಲೆ ಇಳಿದು ತಟ್ಟೆ ಸೇರಿತು.

"ಇನ್ನೊಂದಿಷ್ಟು ಹಾಕು," ಅಂದಳು ಅಮ್ಮ.