ಗೋಡೆ ಬಿದ್ದ ಮನೆಯ ಬಾಗಿಲು

ಹಳೇ ಕಾಲದ ಮಣ್ಣಿನ ಮನೆ ಎಷ್ಟು ತಂಪು ಅಂತ ಯಾರಾದರೂ ಶುರು ಮಾಡಿದರೆ ನನಗೆ ಈಗಲೂ ಮೈ ಉರಿಯುತ್ತೆ. ತಂಪಾಗಿತ್ತು, ಇಲ್ಲ ಅನ್ನಲ್ಲ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುವವರಿಗೆ ತಂಪು. ಅಡುಗೆಮನೆಯಲ್ಲಿ ಇದ್ದವರನ್ನ ಕೇಳಬೇಕಿತ್ತು. ನಮ್ಮ ಮನೆಯ ಸೂರು ಮುಂದಿನಿಂದ ಹಿಂದಕ್ಕೆ ಇಳಿಯುತ್ತಾ ಇಳಿಯುತ್ತಾ ಅಡುಗೆಮನೆ ಹೊತ್ತಿಗೆ ಅವ್ವನ ಕಿವಿಯ ಮಟ್ಟಕ್ಕೆ ಬಂದುಬಿಡುತ್ತಿತ್ತು. ಕೂತರೆ ಹೊಗೆ, ನಿಂತರೆ ಸೂರು. ನಾಗಮಂಗಲದ ಕಡೆಯಿಂದ ಮದುವೆಯಾಗಿ ಬಂದ ಮಾರನೇ ದಿನವೇ ಅವ್ವ ತೊಲೆಗೆ ತಲೆ ಹೊಡೆಸಿಕೊಂಡಳಂತೆ. ಅಲ್ಲಿಂದಾಚೆಗೆ ಇಪ್ಪತ್ತೈದು ವರ್ಷ ಕತ್ತು ಬಗ್ಗಿಸಿಕೊಂಡೇ ಇದ್ದಳು. ಅಭ್ಯಾಸ ಎಂಥದ್ದು ನೋಡಿ, ಬೋರಿನ ಹತ್ತಿರ ನೀರಿಗೆ ಹೋದಾಗ, ಗದ್ದೆಗೆ ಬುತ್ತಿ ಹೊತ್ತುಕೊಂಡು ಹೋದಾಗ, ಆಕಾಶದ ಕೆಳಗೂ ಬಗ್ಗಿಯೇ ನಡೆಯುತ್ತಿದ್ದಳು.

ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ‘ನೆಟ್ಟಗೆ ನಿಂತ್ಕಂಡು ಅಡುಗೆ ಮಾಡೋ ಅಂಗೆ ಒಂದು ಅಡುಗೆಮನೆ ಆಗ್ಬೇಕು’ ಅನ್ನೋದೊಂದೇ ಅವಳ ಆಸೆ. ತೊಂಬತ್ತರ ದಶಕದ ನಡುವಿನಲ್ಲಿ ಒಂದು ವರ್ಷ ಅಪ್ಪನ ಕಬ್ಬು ಚೆನ್ನಾಗಿ ಬಂತು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಪ್ಪ, ‘ಕೆಡವಿ ಕಟ್ಬುಡನ ಕಣೇ’ ಅಂದ. ಅವ್ವ ಲೋಟ ತೊಳೆಯುವುದನ್ನು ನಿಲ್ಲಿಸಿ ಅಪ್ಪನ ಮುಖವನ್ನೇ ನೋಡಿದಳು. ಆ ದಿನ ಅವಳು ನಮಗೆಲ್ಲ ಎರಡೆರಡು ಸಲ ಕಾಫಿ ಕೊಟ್ಟಳು.

ಮನೆಯ ಅರ್ಜಿಗಳನ್ನು ಬರೆಯುವ ಕೆಲಸ ನನ್ನದು. ನಾನಾಗ ಬಿ.ಎ. ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಮನೆಯಲ್ಲಿ ಬಾಯಿ ಜೋರು ಅನ್ನೋ ಹೆಸರೂ ನನ್ನದೇ. ಪಾಂಡವಪುರಕ್ಕೂ ಕೆ.ಆರ್. ಪೇಟೆಗೂ ನಡುವೆ ಇರುವ ನಮ್ಮ ಚಿಕ್ಕ ಊರು ಆಗತಾನೇ ಪಟ್ಟಣ ಪಂಚಾಯ್ತಿ ಆಗಿತ್ತು. ದಿನಾ ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದ ಎಂಜಿನಿಯರು ನನ್ನ ಅರ್ಜಿ ಓದಿ, ಪೆನ್ಸಿಲ್ ತೆಗೆದು, ಹಿಂದುಗಡೆ ಒಂದು ಚೌಕ ಬರೆದರು. ಪೂರ್ತಿ ಕೆಡವಿದರೆ ಅದು ಹೊಸ ಮನೆ, ಹೊಸ ಮನೆಗೆ ಹೊಸ ಕಾಯಿದೆ. ಮುಂದೆ ಐದಡಿ ಬಿಡಬೇಕು, ಆ ಪಕ್ಕ ಮೂರಡಿ, ಈ ಪಕ್ಕ ಮೂರಡಿ.

‘ಸಾರ್, ನಮ್ಮದು ಇರೋದೇ ಹದಿನೈದಡಿ ಅಗಲ’ ಅಂದೆ.

‘ಹಾಗಾದ್ರೆ ಒಂಬತ್ತು ಉಳಿಯುತ್ತಮ್ಮ.’

‘ಒಂಬತ್ತಡಿ ಅಗಲಕ್ಕೆ ಮನೆ ಅಂತಾರಾ ಸಾರ್? ಬಸ್ಸು ಅಂತಾರೆ. ಟಿಕೆಟ್ ಹರಿಯೋಕೆ ಒಬ್ಬ ಕಂಡಕ್ಟರನ್ನೂ ಕೊಡ್ತೀರಾ?’

ಆ ಮನುಷ್ಯ ಬಯ್ಯಬಹುದಿತ್ತು, ಬಯ್ಯಲಿಲ್ಲ. ಮನೆಗಳಿಗೆ ಗಾಳಿ ಬೆಳಕು ಇರಲಿ, ಬೆಂಕಿ ಬಿದ್ದರೆ ಒಂದರಿಂದ ಒಂದಕ್ಕೆ ಹತ್ತದಿರಲಿ ಅಂತ ಮಾಡಿದ ಕಾಯಿದೆ ಅದು ಅಂತ ಸಮಾಧಾನವಾಗಿ ಹೇಳಿದರು. ಅಡಿಪಾಯ, ಹೊರಗೋಡೆ ಹಾಗೇ ಉಳಿಸಿಕೊಂಡರೆ ಅದು ದುರಸ್ತಿ, ದುರಸ್ತಿಗೆ ಜಾಗ ಬಿಡಬೇಕಿಲ್ಲ, ಒಳಗೆ ಸೂರು ಎತ್ತರಿಸಿಕೊಳ್ಳಬಹುದು ಅಂತ ದಾರಿಯನ್ನೂ ಅವರೇ ತೋರಿಸಿದರು. ನನಗೆ ಸ್ವಲ್ಪ ನಾಚಿಕೆಯಾಯ್ತು. ದುರಸ್ತಿ ಲೈಸೆನ್ಸು ಹಿಡಿದುಕೊಂಡು ಮನೆಗೆ ಬಂದೆ.

ಕೈಗೆ ಲೈಸೆನ್ಸು ಬಂದಾಗ ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು. ಅಮಾವಾಸ್ಯೆ ಕಳೆದರೆ ಆಷಾಢ. ಆಷಾಢದಲ್ಲಿ ನಮ್ಮ ಕಡೆ ಯಾರೂ ಕೆಲಸ ಶುರು ಮಾಡಲ್ಲ. ಆದರೆ ಮೊದಲೇ ಶುರುವಾಗಿದ್ದರೆ ದೋಷವಿಲ್ಲ. ಅಪ್ಪನಿಗೆ ಒಂದು ಯೋಚನೆ ಹೊಳೀತು. ಗಾರೆಯವನನ್ನು ಕರೆಸಿ, ಆ ಎರಡು ದಿನದಲ್ಲೇ ಅಷ್ಟೂ ಹೆಂಚು ಇಳಿಸಿ, ಜಂತೆ ಬಿಚ್ಚಿಸಿ ಹಿತ್ತಲಲ್ಲಿ ಜೋಡಿಸಿಟ್ಟುಬಿಟ್ಟ. ಕೆಲಸ ಶುರುವಾದ ಹಾಗಾಯ್ತು, ಇನ್ನು ಆಷಾಢದಲ್ಲೂ ಮುಂದುವರಿಸಬಹುದು ಅಂತ ಲೆಕ್ಕ. ಆದರೆ ಗಾರೆಯವನು ಬಿತ್ತನೆ ಮುಗಿಸಿ ಶ್ರಾವಣಕ್ಕೆ ಬರ್ತೀನಿ ಅಂತ ತನ್ನ ಊರಿಗೆ ಹೋದ. ನಾವು ಹಿತ್ತಲ ಕೊಟ್ಟಿಗೆಯಲ್ಲಿ ಹಸುಗಳ ಪಕ್ಕ ಬಿಡಾರ ಹೂಡಿದೆವು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು. ತಲೆ ಮೇಲೆ ಹೆಂಚಿಲ್ಲದ ಮಣ್ಣಿನ ಗೋಡೆ ಮಳೆಗೆ ಏನಾಗುತ್ತೆ ಅನ್ನೋದು ಬುದ್ಧಿವಂತರಾದ ನಮ್ಮ ಯಾರ ತಲೆಗೂ ಹೋಗಲಿಲ್ಲ. ಲಗ್ನ ನೋಡಿದೆವು, ತಿಥಿ ನೋಡಿದೆವು, ಮೋಡ ಮಾತ್ರ ನೋಡಲಿಲ್ಲ.

ಆ ವರ್ಷ ಸೋನೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಊಟಕ್ಕೆ ಕೂತಿದ್ದಾಗ ದೊಪ್ಪಂತ ಸದ್ದಾಯ್ತು. ಹೋಗಿ ನೋಡಿದರೆ ಎಡಗಡೆ ಗೋಡೆ ಮಲಗಿತ್ತು. ಎರಡು ದಿನ ಬಿಟ್ಟು ಬಲಗಡೆಯದು. ವಾರ ಕಳೆಯೋದರೊಳಗೆ ಮುಂದಿನ ಗೋಡೆಯೂ ಕರಗಿ ಮೊಣಕಾಲುದ್ದ ಉಳೀತು. ಅದರ ಮಧ್ಯೆ ತಲೆಬಾಗಿಲು ಮಾತ್ರ, ದಪ್ಪ ಮರದ ಚೌಕಟ್ಟು, ಎರಡು ಕದ, ಅಗಳಿ ಸಮೇತ ನಿಂತೇ ಇತ್ತು. ಅಪ್ಪ ಎರಡು ಸರ್ವೆ ಮರದ ಗಳ ಆನಿಸಿ ಅದನ್ನು ಬೀಳದ ಹಾಗೆ ಮಾಡಿದ.

ಅವ್ವ ಏನು ಮಾಡಿದಳು ಅಂತೀರಿ? ಎಂದಿನ ಹಾಗೆ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಇಟ್ಟು, ರಂಗೋಲಿ ಬಿಡುತ್ತಿದ್ದಳು. ಸಂಜೆ ದೀಪ ಇಟ್ಟು ಆಮೇಲೆ ಬಾಗಿಲು ಹಾಕಿ ಅಗಳಿ ಜಡಿಯುತ್ತಿದ್ದಳು. ಆ ಕಡೆ ಈ ಕಡೆ ಎಮ್ಮೆ ನುಗ್ಗುವಷ್ಟು ಬಯಲು. ‘ಯಾಕವ್ವಾ ಅಗಳಿ?’ ಅಂದರೆ, ‘ಬಾಗ್ಲು ಹಾಕ್ದೆ ಇರಕ್ಕಾಯ್ತದಾ’ ಅನ್ನೋಳು. ಇನ್ನೂ ತಮಾಷೆ ಏನಂದರೆ ಬೀದಿಯವರೂ ಆ ಬಾಗಿಲಲ್ಲೇ ಬರುತ್ತಿದ್ದರು. ಪೋಸ್ಟಿನವನು ಚಿಲಕ ಬಡಿಯೋನು. ಹಾಲು ತೆಗೆದುಕೊಂಡು ಹೋಗೋ ಹೆಂಗಸು ಬಾಗಿಲು ತೆಗೆಯೋವರೆಗೂ ರಂಗೋಲಿ ತುಳಿಯದ ಹಾಗೆ ಸರಿದು ನಿಂತಿರೋಳು.

ಶ್ರಾವಣ ಬಂತು, ಗಾರೆಯವನೂ ಬಂದ. ಅವನ ಹಿಂದೆಯೇ ಪಂಚಾಯ್ತಿಯಿಂದ ನೋಟೀಸೂ ಬಂತು, ಕೆಲಸ ನಿಲ್ಲಿಸಿ ಅಂತ. ತಕರಾರು ಅರ್ಜಿ ಹಾಕಿದ್ದವನು ಎದುರುಮನೆಯ ದೊಡ್ಡಪ್ಪ, ನಮ್ಮಪ್ಪನಿಗೆ ದಾಯಾದಿ ಅಣ್ಣ. ಅವನ ಟ್ರಾಕ್ಟರು ನಮ್ಮ ಜಗಲಿಯ ಮೂಲೆಯಿಂದಾಗಿ ತಿರುಗುತ್ತಿರಲಿಲ್ಲ, ಇಡೀ ಬೀದಿ ರಿವರ್ಸಿನಲ್ಲೇ ಹೋಗಬೇಕಿತ್ತು. ಗೋಡೆ ಬಿದ್ದುಹೋದ ಮೇಲೆ ದುರಸ್ತಿ ಎಲ್ಲಿ ಬಂತು, ಇದು ಹೊಸ ಮನೆ, ಕಾಯಿದೆ ಪ್ರಕಾರ ಜಾಗ ಬಿಡಿಸಿ ಅಂತ ಬರೆಸಿದ್ದ. ಬರೆಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನೆಟ್ಟಗೆ ಅವನ ಮನೆಗೆ ಹೋಗಿ, ‘ನಿನ್ನ ಟ್ರಾಕ್ಟ್ರು ತಿರುಗಕ್ಕೆ ನಮ್ಮವ್ವ ಸಾಯೋಗಂಟ ಬಗ್ಗೇ ಇರಬೇಕಾ ದೊಡ್ಡಪ್ಪ?’ ಅಂದೆ. ‘ಬಾಯಿ ಜಾಸ್ತಿಯಾಯ್ತು ಕಣವ್ವ ನಿಂಗೆ’ ಅಂತ ಅವನು ಎದ್ದು ಒಳಗೆ ಹೋದ.

ಅಪ್ಪ ಕೊಟ್ಟಿಗೆಯ ನೆಲದ ಮೇಲೆ ಕಡ್ಡಿಯಲ್ಲಿ ಒಂಬತ್ತಡಿ ಮನೆ ಬರೆದು ನೋಡಿದ. ನಡುಮನೆ, ಒಂದು ಕೋಣೆ, ಬಚ್ಚಲು. ಅಡುಗೆಗೆ ಉಳಿದದ್ದು ಮೆಟ್ಟಿಲ ಕೆಳಗಿನ ಸಂದಿ. ಅಲ್ಲೂ ಬಗ್ಗಬೇಕು. ಅವ್ವ ನೋಡಿದಳು, ‘ಆಗ್ಲಿ ಬುಡಿ’ ಅಂದಳು, ಹಸುವಿಗೆ ಹುಲ್ಲು ಹಾಕಲು ಹೋದಳು. ಜಗಳ ಆಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ‘ಆಗ್ಲಿ ಬುಡಿ’ ಕೇಳಿ ನನಗೆ ಅಳು ಬಂತು.

ಸ್ಥಳ ನೋಡಲು ಪಂಚಾಯ್ತಿಯವರು ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಎಂಜಿನಿಯರು ಟೇಪು ಹಿಡಿದು ಬಂದರು. ಅಧ್ಯಕ್ಷರು ನಮ್ಮವ್ವನ ವಯಸ್ಸಿನ ಹೆಂಗಸು, ಮೊದಲ ಸಲ ಗೆದ್ದವರು. ಅಧಿಕಾರವೆಲ್ಲ ಗಂಡನೇ ನಡೆಸ್ತಾನೆ ಅಂತ ಊರು ಮಾತಾಡಿಕೊಂಡಿತ್ತು. ಆ ಯಮ್ಮ ಗಂಡನನ್ನು ಎಮ್ಮೆ ಹಾಲು ಕರೆಯೋಕೆ ಬಿಟ್ಟು ಒಬ್ಬರೇ ಬಂದಿದ್ದರು. ಅವರ ಬೆನ್ನ ಹಿಂದೆ, ತಕರಾರು ಗೆದ್ದೇಬಿಟ್ಟವನ ಗತ್ತಿನಲ್ಲಿ, ದೊಡ್ಡಪ್ಪ. ಅವ್ವ ನಾಯಿ ಬರುತ್ತೆ ಅಂತ ಬಾಗಿಲು ಹಾಕಿಕೊಂಡು ಒಳಗೆ ಪಾತ್ರೆ ತಿಕ್ಕುತ್ತಿದ್ದಳು. ಒಳಗೆ ಅಂದರೆ ಆಕಾಶದ ಕೆಳಗೆ.

ಬಂದವರೆಲ್ಲ ಬಾಗಿಲ ಮುಂದೆ ನಿಂತರು. ‘ಅಮ್ಮಯ್ಯ, ವಸಿ ಬಾಗ್ಲು ತೆಗೀರಿ’ ಅಂದರು ಅಧ್ಯಕ್ಷರು. ಅವ್ವ ಕೈ ಒರೆಸಿಕೊಂಡು ಹೋಗಿ ಅಗಳಿ ತೆಗೆದಳು. ಅಧ್ಯಕ್ಷರು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು. ಎಂಜಿನಿಯರು ಬೂಟು ಬಿಚ್ಚಿದರು, ಕಾಲುಚೀಲವನ್ನೂ ಬಿಚ್ಚಿ ಬೂಟಿನೊಳಗೆ ತುರುಕಿದರು. ದೊಡ್ಡಪ್ಪ ಜಗಲಿ ಪಕ್ಕ ಎಕ್ಕಡ ಬಿಟ್ಟು, ತಲೆ ತಗುಲೀತು ಅಂತ ಬಗ್ಗಿ ಬಂದ.

ಅಳತೆ ಶುರುವಾಯ್ತು. ಎಂಜಿನಿಯರು ಅಪ್ಪನನ್ನು ಕೇಳಿದರು, ‘ಗೋಡೆ ನೀವು ಕೆಡವಿದ್ದೋ, ಮಳೆಗೆ ಬಿದ್ದದ್ದೋ?’

ಮಳೆಗೆ ಅಂದಿದ್ದರೆ ಮುಗಿದುಹೋಗಿರೋದು. ನಮ್ಮಪ್ಪ ಸತ್ಯಹರಿಶ್ಚಂದ್ರನ ಮೊಮ್ಮಗ. ‘ಗೋಡೆ ಮಳೆ ಕೆಡವ್ತು ಸ್ವಾಮಿ. ಎಂಚು ಮಾತ್ರ ನಾನೇ ಇಳಿಸಿದ್ದು, ಆಸಾಡಕ್ಕೆ ಮುಂಚೆ ಸುರು ಆಗ್ಲಿ ಅಂತ’ ಅಂದ. ನಾನು ತಲೆ ಮೇಲೆ ಕೈ ಇಟ್ಟುಕೊಂಡೆ.

‘ಕೇಳುಸ್ಕಂಡ್ರಾ? ಇಲ್ಲಿ ಮನೇನೇ ಇಲ್ಲ, ಬರೀ ಬಯಲು’ ಅಂದ ದೊಡ್ಡಪ್ಪ.

ನನ್ನ ನಾಲಿಗೆ ತುದಿಗೆ ಬಂದಿದ್ದ ಮಾತು ಬರೆಯುವ ಹಾಗಿಲ್ಲ. ಅಷ್ಟರಲ್ಲಿ ಅವ್ವ ಮೆಲ್ಲಗೆ ಅಂದಳು, ‘ಅಲ್ಲ ಬಾವ, ಬಯಲಾಗಿದ್ರೆ ಆ ಪಕ್ಕದಿಂದ್ಲೇ ಬರಬೋದಿತ್ತು, ಗೋಡೆ ಇಲ್ವಲ್ಲ. ನೀವು ಬಾಗ್ಲಾಗೇ ಬಂದ್ರಿ. ಎಕ್ಕಡಾನೂ ಬುಟ್ಟೇ ಬಂದ್ರಿ.’

ಎಲ್ಲರೂ ತಮ್ಮ ತಮ್ಮ ಬರಿಗಾಲು ನೋಡಿಕೊಂಡರು. ಮೊದಲು ನಕ್ಕವರು ಅಧ್ಯಕ್ಷರು. ಆಮೇಲೆ ಯಾರು ನಕ್ಕರು ಯಾರು ಬಿಟ್ಟರು ಗೊತ್ತಾಗಲಿಲ್ಲ. ದೊಡ್ಡಪ್ಪ, ‘ಅಭ್ಯಾಸ ಕಣವ್ವ, ಏನ್ಮಾಡಾದು’ ಅಂತ ತಾನೂ ಮೀಸೆಯಡಿಯಲ್ಲಿ ನಗೋಕೆ ಶುರು ಮಾಡಿದ. ಎಂಜಿನಿಯರು ಮಾತ್ರ, ಎಕ್ಕಡ ಬಿಟ್ಟದ್ದನ್ನ ಮಹಜರಿನಲ್ಲಿ ಬರೆಯೋಕಾಗಲ್ಲ, ಅಡಿಪಾಯ ಮತ್ತು ಬಾಗಿಲು ಹಳೇ ಜಾಗದಲ್ಲೇ ಇದೆ ಅಂತ ಬರೀಬಹುದು, ಮಿಕ್ಕದ್ದು ಸಭೆಗೆ ಬಿಟ್ಟದ್ದು ಅಂದರು.

ಅಧ್ಯಕ್ಷರು ಅಡುಗೆಮನೆ ಎಲ್ಲಿತ್ತು ಅಂತ ಕೇಳಿದರು. ಅವ್ವ ಕರೆದುಕೊಂಡು ಹೋಗಿ, ಮಸಿ ಹಿಡಿದ ಮಣ್ಣಿನ ಪಕ್ಕ ನಿಂತು, ಸೂರು ಇದ್ದ ಎತ್ತರಕ್ಕೆ ಅಂಗೈ ಚಾಚಿ ತೋರಿಸಿದಳು. ಆ ಯಮ್ಮ ಆ ಅಂಗೈ ಕೆಳಗೆ ತಾವೇ ಬಗ್ಗಿ ನಿಂತರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದು, ‘ಎಷ್ಟು ವರ್ಸ?’ ಅಂದರು. ಅವ್ವ ಹೇಳಿದಳು. ಆಮೇಲೆ ಆ ಯಮ್ಮ ದೊಡ್ಡಪ್ಪನ ಕಡೆ ತಿರುಗಿ, ‘ನಿಮ್ ಟ್ರಾಕ್ಟ್ರಿಗೆ ಎಷ್ಟು ಜಾಗ ಬೇಕು ಯೋಳಿ’ ಅಂದರು.

ಸೋಮವಾರದ ಸಭೆಯಲ್ಲಿ ತೀರ್ಮಾನವಾಯ್ತು. ಹಳೇ ಅಡಿಪಾಯದ ಮೇಲೇ ಕಟ್ಟಿಕೊಳ್ಳಬಹುದು, ಮುಂದೆಯಾಗಲಿ ಪಕ್ಕದಲ್ಲಾಗಲಿ ಜಾಗ ಬಿಡಬೇಕಿಲ್ಲ. ಆದರೆ ಬೀದಿಗೆ ಬಂದಿರುವ ಜಗಲಿ ತೆಗೆಯಬೇಕು, ಸಜ್ಜಾ ಬೀದಿಗೆ ಚಾಚಬಾರದು. ಜಗಲಿ ಹೋಯ್ತಲ್ಲ ಅಂತ ನಾನು ಗೊಣಗಿದೆ. ‘ಹೋಗ್ಲಿ ಬುಡು, ಗಂಡಸ್ರು ಬೀಡಿ ಸೇದ್ಕಂಡು ಕುಂತ್ಕಳಕ್ಕೆ ತಾನೆ ಅದು’ ಅಂದಳು ಅವ್ವ. ಜಗಲಿಯ ಚಪ್ಪಡಿಗಳನ್ನು ಎಳೆದು ಹಾಕಿದ್ದು ದೊಡ್ಡಪ್ಪನ ಟ್ರಾಕ್ಟರೇ. ಆಮೇಲೆ ಅದರಲ್ಲೇ ಇಟ್ಟಿಗೆ, ಮರಳು ಎಲ್ಲ ಬಂತು. ಗಾರೆಯವನು ಅಡುಗೆಮನೆ ತಾರಸಿ ಎಷ್ಟು ಎತ್ತರ ಬೇಕು ಅಂದಾಗ ಅವ್ವ ಸೌಟು ಹಿಡಿದು ಕೈ ಮೇಲೆತ್ತಿ, ‘ಇದು ತಗುಲಬಾರ್ದು’ ಅಂದಳು.

ಯುಗಾದಿಗೆ ಮುಂಚೆ ಒಕ್ಕಲಾದೆವು. ಕಲ್ಲಿನ ಕಟ್ಟೆ, ಅದರ ಮೇಲೆ ಗ್ಯಾಸಿನ ಒಲೆ, ಪೂರ್ವಕ್ಕೆ ಕಿಟಕಿ. ಆದರೆ ಅವ್ವ ಅಲ್ಲೂ ಒಂದು ತಿಂಗಳು ಬಗ್ಗಿಯೇ ಓಡಾಡಿದಳು. ನನಗೋ ತಲೆಕೆಟ್ಟು ಹೋಯ್ತು. ‘ಇದಕ್ಕಾ ನಾನು ಊರೆಲ್ಲ ಜಗಳ ಆಡಿದ್ದು?’ ಅಂತ ಕೂಗಾಡಿದೆ. ನಕ್ಕು, ‘ಕತ್ತು ಮರ್ತೋಗದೆ ಕಣೇ, ವಸಿ ತಡಿ’ ಅಂದಳು. ದಿನ ಕಳೆದ ಹಾಗೆ, ಯಾವಾಗ ಅಂತ ಯಾರಿಗೂ ಗೊತ್ತಾಗದ ಹಾಗೆ ಅವಳ ಬೆನ್ನು ನೆಟ್ಟಗಾಯ್ತು.

ಒಂದು ಭಾನುವಾರ ಅಪ್ಪ ಅಡುಗೆಮನೆಗೆ ಬಂದು ಮೇಲಿನ ಹಲಗೆಯಿಂದ ಕಾಫಿಪುಡಿ ಡಬ್ಬ ತೆಗೆಯಲು ತುದಿಗಾಲಲ್ಲಿ ನಿಂತ, ಎಟುಕಲಿಲ್ಲ. ಪಕ್ಕದಲ್ಲಿದ್ದ ಅವ್ವ ಸುಮ್ಮನೆ ಕೈ ಎತ್ತಿ ಅದನ್ನು ತೆಗೆದುಕೊಟ್ಟಳು. ಅಪ್ಪ ಅವಳನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿದ.

‘ಇದೇನೇ, ನೀನು ನನಗಿಂತ ಎತ್ರ ಇದ್ದೀಯ.’

‘ಮದ್ವೆ ದಿನದಿಂದ್ಲೂ ಇಂಗೇ ಇವ್ನಿ’ ಅಂದಳು ಅವ್ವ, ಒಲೆ ಕಡೆ ತಿರುಗಿ.

ಅಪ್ಪ ಡಬ್ಬ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಕಾಫಿ ಆಗುವವರೆಗೂ ಅವನು ಆಚೆಗೆ ಹೋಗಲಿಲ್ಲ.